ಓಲಿವ್ ಎಣ್ಣೆ: ಅಡುಗೆಗೆ, ಕೇಕಿಗೆ, ಆರೋಗ್ಯಕ್ಕೆ

ಓಲಿವ್ ಎಣ್ಣೆಯ ಹೆಸರು ನಮಗೆ ಹೊಸದಲ್ಲ. ಪವಿತ್ರ ವಾರದಲ್ಲಿ ಧರ್ಮಾಧ್ಯಕ್ಷರು ಆಶೀರ್ವದಿಸುವ ತೈಲಗಳ ಮೂಲಕ ಅದನ್ನು ಚಿಕ್ಕಂದಿನಿಂದಲೇ ಕೇಳಿದ್ದೇವೆ. ಈಗ ಅದು ಅಂಗಡಿಯ ಕಪಾಟಿನಲ್ಲೂ ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲೂ ಇದೆ. ಹೃದಯದ ತೊಂದರೆಯಿರುವ ಹಿರಿಯರಿಗಾಗಿ ಕಷ್ಟಪಟ್ಟು ಹಣ ಹೊಂದಿಸಿ ಕೊಳ್ಳುವ ಕುಟುಂಬಗಳೂ ಇವೆ. ಆದ್ದರಿಂದ ಅದರ ಗುಣ, ಬಳಕೆ ಮತ್ತು ಮಿತಿಗಳನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಬಗೆಗಳು

ಹಣ್ಣನ್ನು ಹಿಂಡಿ, ರಾಸಾಯನಿಕ ಬಳಸದೆ ತೆಗೆದ ಉತ್ತಮ ದರ್ಜೆಯ ಎಣ್ಣೆ ‘ಎಕ್ಸ್‌ಟ್ರಾ ವರ್ಜಿನ್’. ಇದರ ಆಮ್ಲೀಯತೆ 0.8 ಶೇಕಡಾ ಮೀರಬಾರದು. ಬರಿದೇ ‘ಓಲಿವ್ ಆಯಿಲ್’ ಎಂದು ಬರೆದಿದ್ದರೆ ಅದು ಶುದ್ಧೀಕರಿಸಿದ ಎಣ್ಣೆಗೆ ಸ್ವಲ್ಪ ವರ್ಜಿನ್ ಸೇರಿಸಿದ್ದು. ಹಿಂಡಿ ಉಳಿದ ಹಿಂಡಿಯಿಂದ ದ್ರಾವಕ ಬಳಸಿ ತೆಗೆದದ್ದು ‘ಪೊಮೇಸ್’.

ಆರೋಗ್ಯಕ್ಕೆ ಏನು ಲಾಭ?

ಈ ಎಣ್ಣೆಯ ಸುಮಾರು 70 ಶೇಕಡಾ ಭಾಗ ಓಲಿಕ್ ಆಮ್ಲ. ಬೆಣ್ಣೆ, ವನಸ್ಪತಿಗಳ ಬದಲು ಇದನ್ನು ಬಳಸಿದರೆ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ. ಸ್ಪೇನಿನಲ್ಲಿ 7,447 ಜನರ ಮೇಲೆ ನಡೆದ ‘ಪ್ರೆಡಿಮೆಡ್’ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರ ವಿಧಾನದಲ್ಲಿ ದೋಷ ಕಂಡದ್ದರಿಂದ ಹಿಂತೆಗೆದು, 2018ರಲ್ಲಿ ತಿದ್ದಿ ಮತ್ತೆ ಪ್ರಕಟಿಸಿದರು. ತರಕಾರಿ, ಕಾಳು, ಮೀನಿನ ಊಟದೊಡನೆ ಎಕ್ಸ್‌ಟ್ರಾ ವರ್ಜಿನ್ ಬಳಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಸುಮಾರು 30 ಶೇಕಡಾ ಕಡಿಮೆಯಿದ್ದವು. ಇಲ್ಲಿ ಎಣ್ಣೆಯೊಂದೇ ಅಲ್ಲ, ಇಡೀ ಊಟದ ಕ್ರಮವೇ ಬೇರೆಯಾಗಿತ್ತು ಎಂಬುದನ್ನು ಮರೆಯಬಾರದು.

ಯಾವ ಎಣ್ಣೆಯಾದರೂ ಒಂದು ಗ್ರಾಮಿಗೆ 9 ಕ್ಯಾಲೊರಿ. ಇರುವ ಎಣ್ಣೆಯ ಮೇಲೆ ಇದನ್ನೂ ಸುರಿದುಕೊಂಡರೆ ತೂಕ ಏರೀತೇ ಹೊರತು ಲಾಭವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಂತೆ 2,000 ಕ್ಯಾಲೊರಿಯ ದಿನದ ಊಟಕ್ಕೆ ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ ಸಾಕು.

ಅಡುಗೆ ಮತ್ತು ಕೇಕು

ಎಕ್ಸ್‌ಟ್ರಾ ವರ್ಜಿನ್ ಸುಮಾರು 190 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹೊಗೆಯಾಡುತ್ತದೆ. ಪಲ್ಯ, ಒಗ್ಗರಣೆ, ಮೀನು ಹುರಿಯಲು ತೊಂದರೆಯಿಲ್ಲ. ಕುಸ್ವಾರಿನ ಕರಿದ ತಿಂಡಿಗಳಿಗೆ ಇಷ್ಟು ಬೆಲೆಯ ಎಣ್ಣೆ ಸುರಿಯುವುದು ವ್ಯರ್ಥ. ಕೇಕಿಗೆ 100 ಗ್ರಾಂ ಬೆಣ್ಣೆಯ ಬದಲು ಸುಮಾರು 75 ಗ್ರಾಂ ಎಣ್ಣೆ ಸಾಕು. ಬಾಳೆಹಣ್ಣು, ಕಿತ್ತಳೆ, ಚಾಕೊಲೇಟ್ ಕೇಕುಗಳಿಗೆ ಇದು ಒಗ್ಗುತ್ತದೆ. ಬೆಣ್ಣೆ ಬಿಸ್ಕತ್ತಿಗೂ ಐಸಿಂಗಿಗೂ ಒಗ್ಗದು. ಬಾಟಲಿಯನ್ನು ಒಲೆ ಮತ್ತು ಬಿಸಿಲಿನಿಂದ ದೂರವಿಡಿ.

ನಮ್ಮ ನಾಡಿನ ಎಣ್ಣೆಗಳು

ಓಲಿವ್ ಕೊಳ್ಳಲಾಗದವರು ಚಿಂತಿಸಬೇಕಿಲ್ಲ. ಬೆಳಗಾವಿ ಜಿಲ್ಲೆಯ ಸಾಲಹಳ್ಳಿ ಸೇರಿದ ರಾಮದುರ್ಗ, ಸವದತ್ತಿ ಸೀಮೆಯಲ್ಲಿ ಶೇಂಗಾ, ಕುಸುಬಿ ಎಣ್ಣೆಗಳು ಹಿಂದಿನಿಂದ ಬಂದವು. ಇಟಲಿಯವರು ರೊಟ್ಟಿಗೆ ಓಲಿವ್ ಎಣ್ಣೆ ಹಚ್ಚಿಕೊಳ್ಳುವಂತೆ, ಅಲ್ಲಿಯವರು ಜೋಳದ ರೊಟ್ಟಿಗೆ ಚಟ್ನಿಪುಡಿ, ಹಸಿ ಎಣ್ಣೆ ಕಲಸಿಕೊಳ್ಳುತ್ತಾರೆ. ಶೇಂಗಾ ಎಣ್ಣೆಯ ಸುಮಾರು ಅರ್ಧ ಭಾಗ ಓಲಿಕ್ ಆಮ್ಲವೇ. ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ ಹೆಚ್ಚಿರುವುದು ಲಿನೋಲಿಕ್ ಆಮ್ಲ. ಅದೂ ಕೊಲೆಸ್ಟರಾಲ್ ಇಳಿಸುತ್ತದೆ, ಆದರೆ ಬಹಳ ಹೊತ್ತು ಕಾಯಿಸಲು ತಕ್ಕುದಲ್ಲ. ನಮ್ಮ ಕರಾವಳಿಯ ತೆಂಗಿನೆಣ್ಣೆಯಲ್ಲಿ 80 ಶೇಕಡಾಕ್ಕೂ ಮಿಕ್ಕಿ ಸ್ಯಾಚುರೇಟೆಡ್ ಕೊಬ್ಬಿದೆ. ರುಚಿಗೆ ಬಳಸೋಣ, ಎಲ್ಲದಕ್ಕೂ ಅದೊಂದೇ ಬೇಡ.

ಓಲಿವ್ ಮಾತ್ರವಲ್ಲ, ಬೇರೆ ಸಸ್ಯಗಳಿಂದ ಹಿಂಡಿದ ತೈಲವನ್ನೂ ಸಂಸ್ಕಾರಗಳಿಗೆ ಬಳಸಬಹುದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 847ನೇ ವಿಧಿ ಹೇಳುತ್ತದೆ. ಅಡುಗೆಮನೆಗೆ ಅಷ್ಟೂ ಕಟ್ಟುಪಾಡು ಬೇಡ. ಕೈಗೆಟಕುವ ಎಣ್ಣೆಯನ್ನು ಮಿತವಾಗಿ ಬಳಸಿ, ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಹೃದ್ರೋಗಿಗಳು ಯಾವ ಎಣ್ಣೆಯ ಭರವಸೆಯಿಂದಲೂ ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಬಾರದು. ಔಷಧಿಯ ಹಣ ಬಾಟಲಿಗೆ ಹೋಗದಿರಲಿ.