ಡಿಕ್ಕಿಯೊಳಗಿನ ಕೊಳವೆ: ಮಾಜ್ದಾ ಎಂಎಕ್ಸ್-5ರ ಬ್ಯಾಟರಿ ಕುರಿತು ಒಂದು ಮರುಪರಿಶೀಲನೆ

ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನ ಕಾರುಗಳಲ್ಲಿ ಬ್ಯಾಟರಿ ಇರುವುದು ಬಾನೆಟ್ಟಿನ ಕೆಳಗಲ್ಲ, ಡಿಕ್ಕಿಯ ಬಲಮೂಲೆಯಲ್ಲಿ. ಅದಕ್ಕೆ ಜೋಡಿಸಿದ ಸಪೂರ ಕೊಳವೆಗಳು ಡಿಕ್ಕಿಯ ತಳದ ತೂತಿನಿಂದ ಹೊರಕ್ಕೆ ಇಳಿಯುತ್ತವೆ. ಕಾರಿನ ಬಗ್ಗೆ ಬರೆದವರು ಬೇಕಾದಷ್ಟು ಜನ. ಕೊಳವೆಯ ಬಗ್ಗೆ ಬರೆದವರು ತೀರ ಕಡಿಮೆ. ಬರೆದವರಲ್ಲೂ ಅನೇಕರು ಒಂದೇ ಜಾಡು ಹಿಡಿದಿದ್ದಾರೆ. ಇದು ಜೆಲ್ ಬ್ಯಾಟರಿ, ಜೆಲ್ ಸೋರುವುದಿಲ್ಲ, ಹಾಗಾಗಿ ಕೊಳವೆ ಹಳೆಯ ಪದ್ಧತಿಯ ಪಳೆಯುಳಿಕೆ ಎಂಬುದು ಆ ಜಾಡು. ಮೂರು ಮಾತುಗಳಲ್ಲಿ ಮೊದಲನೆಯದು ತಪ್ಪು, ಎರಡನೆಯದು ಅರ್ಧಸತ್ಯ, ಮೂರನೆಯದು ಇವೆರಡರಿಂದ ಹುಟ್ಟಿದ ಅನರ್ಥ. ಪಳೆಯುಳಿಕೆ ಎಂದು ತಳ್ಳಿಹಾಕಿದ ಈ ಕೊಳವೆಯೇ ಸ್ಪೋರ್ಟ್ಸ್ ಕಾರುಗಳ ಆಸಿಡ್ ಸೋರಿಕೆಯ ಚರಿತ್ರೆಗೆ ನಮಗಿರುವ ಬಲವಾದ ಸಾಕ್ಷ್ಯ ಎಂಬುದು ನನ್ನ ವಾದ.

1989ರ ಫೆಬ್ರವರಿಯಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಕಾಣಿಸಿಕೊಂಡು, ಅದೇ ವರ್ಷ ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದ ಈ ಕಾರಿನ ತೂಕ ಜಪಾನಿ ಲೆಕ್ಕದಲ್ಲಿ 940 ಕಿಲೋ. ಅಷ್ಟು ಹಗುರವಾದ ಕಾರಿನಲ್ಲಿ ಹತ್ತು ಕಿಲೋ ಮುಂದಿನ ಗಾಲಿಗಳ ಮೇಲಿದೆಯೋ ಹಿಂದಿನ ಗಾಲಿಗಳ ಮೇಲಿದೆಯೋ ಎಂಬುದು ಗಣನೆಗೆ ಬರುವ ವಿಷಯ. ಬ್ಯಾಟರಿಯನ್ನು ಹಿಂದಕ್ಕೆ ಒಯ್ದದ್ದು ಭಾರದ ಸಮತೋಲಕ್ಕಾಗಿ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ, ನನಗೂ ಇಲ್ಲ. ತಕರಾರು ಇರುವುದು ಆಮೇಲಿನ ಹೆಜ್ಜೆಯಲ್ಲಿ: ಮುಚ್ಚಿದ ಡಿಕ್ಕಿಗೆ ಹೋದ ಬ್ಯಾಟರಿ ಎಂಥದ್ದಾಗಿತ್ತು, ಮತ್ತು ಅದಕ್ಕೆ ಕೊಳವೆ ಏಕೆ ಬೇಕಾಯಿತು?

ಇಲ್ಲಿ ನಮಗಿರುವ ಲಿಖಿತ ಆಧಾರ ಬ್ಯಾಟರಿಯ ಮೈಮೇಲಿನ ಒಂದು ಸಂಕೇತ ಮಾತ್ರ. ಪ್ಯಾನಸಾನಿಕ್ ತಯಾರಿಸಿದ ಆ ಬ್ಯಾಟರಿಯ ಗುರುತು ಎಸ್34ಎ19ಆರ್. ಶಾಸನದ ಅಕ್ಷರಗಳಂತೆ ಇದನ್ನು ಬಿಡಿಸಿ ಓದಬೇಕು. ಜಪಾನಿನ ಕೈಗಾರಿಕಾ ಮಾನಕದ ಪದ್ಧತಿಯಲ್ಲಿ 34 ಎಂಬುದು ಕಾರ್ಯಶಕ್ತಿಯ ದರ್ಜೆ. ಅದನ್ನು ಆಂಪಿಯರ್-ಗಂಟೆ ಎಂದು ಓದುವುದು ಸಾಮಾನ್ಯ ತಪ್ಪು. ಹತ್ತಿರದ ಸಂಖ್ಯೆಯಾದ್ದರಿಂದ ಆ ತಪ್ಪು ಸಿಕ್ಕಿಬೀಳುವುದೂ ಇಲ್ಲ. ಎ ಎಂಬುದು ಅಗಲ ಮತ್ತು ಎತ್ತರದ ವರ್ಗ: 127 ಮಿಲಿಮೀಟರ್ ಅಗಲ, 162 ಮಿಲಿಮೀಟರ್ ಎತ್ತರ. 19 ಎಂದರೆ ಸೆಂಟಿಮೀಟರಿನಲ್ಲಿ ಉದ್ದ. ಕೊನೆಯ ಆರ್ ಟರ್ಮಿನಲ್‌ಗಳು ಯಾವ ಕಡೆಗಿವೆ ಎಂಬುದರ ಸೂಚನೆ. ಉಳಿದದ್ದು ಮೊದಲಿನ ಎಸ್. ಕಾರು ಸ್ಪೋರ್ಟ್ಸ್ ಕಾರು ಆದ್ದರಿಂದ ಅದನ್ನು ಸ್ಪೋರ್ಟ್ಸ್ ಎಂದು ಓದುವ ಆಸೆ ಸಹಜವೇ. ಆದರೆ ಟೊಯೊಟಾ ಪ್ರಿಯಸ್‌ನ ಎರಡನೆಯ ತಲೆಮಾರಿನಲ್ಲಿ, ಹಿಂಬದಿಯ ಮೂಲೆಯಲ್ಲಿ ಕೂರುವ 12 ವೋಲ್ಟಿನ ಸಹಾಯಕ ಬ್ಯಾಟರಿಯ ಸಂಕೇತವೂ ಎಸ್‌ನಿಂದಲೇ ಶುರುವಾಗುತ್ತದೆ. ಪ್ರಿಯಸ್ ಅನ್ನು ಸ್ಪೋರ್ಟ್ಸ್ ಕಾರು ಎಂದವರು ಇನ್ನೂ ಹುಟ್ಟಿಲ್ಲ. ಎರಡಕ್ಕೂ ಸಮಾನವಾದದ್ದು ಬೇರೆ: ಎರಡೂ ಸೀಲ್ಡ್, ಎರಡಕ್ಕೂ ಒತ್ತಡ ಹೆಚ್ಚಾದಾಗ ತೆರೆದುಕೊಳ್ಳುವ ವಾಲ್ವ್ ಇದೆ, ಎರಡೂ ಜನ ಕೂರುವ ಜಾಗಕ್ಕೆ ಹತ್ತಿರದಲ್ಲಿವೆ, ಎರಡಕ್ಕೂ ಹೊರಗೆ ಹೋಗುವ ಕೊಳವೆ ಇದೆ. ಎಸ್ ಹೇಳುವುದು ಈ ವಾಲ್ವಿನ ಕತೆಯನ್ನು.

ಇದಕ್ಕೆ ಒಂದು ಆಕ್ಷೇಪವನ್ನು ನಾನೇ ಮುಂದಿಡುತ್ತೇನೆ. ಅದೇ ಜಪಾನಿ ಪದ್ಧತಿಯಲ್ಲಿ ಕೊನೆಯ ಆವರಣದೊಳಗೂ ಎಸ್ ಬರುವುದುಂಟು. ಅಲ್ಲಿ ಅದರ ಅರ್ಥ ದಪ್ಪ ಟರ್ಮಿನಲ್. ಹಾಗಿದ್ದರೆ ಮೊದಲಿನ ಎಸ್ ಕೂಡ ಟರ್ಮಿನಲ್ಲಿನ ಮಾತೇಕಾಗಬಾರದು? ಉತ್ತರ ವಸ್ತುವಿನಲ್ಲೇ ಇದೆ. ಎಂಎಕ್ಸ್-5ರ ಮೂಲ ಬ್ಯಾಟರಿಯ ಟರ್ಮಿನಲ್‌ಗಳು ಜಪಾನಿನ ತೆಳು ಬಗೆಯವು. ಆ ಬಗೆಯ ಅಳತೆ ಪಾಸಿಟಿವ್‌ಗೆ 14.7, ನೆಗೆಟಿವ್‌ಗೆ 13 ಮಿಲಿಮೀಟರ್. ಅಮೆರಿಕದ ಮಾಮೂಲಿ ಬ್ಯಾಟರಿಯಲ್ಲಿ ಇವು 17.5 ಮತ್ತು 15.9. ಅಮೆರಿಕದಲ್ಲಿ ಬೇರೆ ಬ್ಯಾಟರಿ ತಂದು ಕೂರಿಸಹೊರಟವರಿಗೆ ಕ್ಲಾಂಪು ಹೊಂದದೆ ತೊಂದರೆಯಾದದ್ದು ಇದರಿಂದಲೇ. ತೆಳು ಟರ್ಮಿನಲ್ ಇರುವ ಬ್ಯಾಟರಿಯ ಮೇಲೆ ದಪ್ಪ ಟರ್ಮಿನಲ್ಲಿನ ಗುರುತು ಇರಲಾರದು. ಸಂಕೇತದ ಮೊದಲಲ್ಲಿ ಬರುವ ಅಕ್ಷರವನ್ನೂ ಕೊನೆಯಲ್ಲಿ ಬರುವ ಅಕ್ಷರವನ್ನೂ ಒಂದೇ ಎಂದುಕೊಳ್ಳುವುದು ಉಪಸರ್ಗವನ್ನು ಪ್ರತ್ಯಯವೆಂದು ಓದಿದಂತೆ.

ಆದರೆ ಎಸ್ ಅಕ್ಷರ ಜೆಲ್ ಎಂದೇನೂ ಹೇಳುವುದಿಲ್ಲ. ವಾಲ್ವಿನ ಸೀಲ್ಡ್ ಬ್ಯಾಟರಿಗಳಲ್ಲಿ ಎರಡು ಕುಲಗಳಿವೆ. ಜರ್ಮನಿಯ ಸೊನ್ನೆನ್‌ಷೈನ್ ಕಂಪನಿಯಲ್ಲಿ ಒಟ್ಟೊ ಯಾಖೆ ರೂಪಿಸಿದ ಕುಲದಲ್ಲಿ ಆಸಿಡ್ಡಿಗೆ ಅತಿನುಣುಪಾದ ಸಿಲಿಕಾ ಬೆರೆಸಿ ಅದನ್ನು ಗಟ್ಟಿ ಗಂಜಿಯಂತೆ ಮಾಡುತ್ತಾರೆ. ಜೆಲ್ ಎಂಬ ಹೆಸರು ಸಲ್ಲುವುದು ಇದಕ್ಕೆ. ಇನ್ನೊಂದು ಅಮೆರಿಕದ ಗೇಟ್ಸ್ ಕಂಪನಿಯ ಮೆಕ್ಲೆಲಂಡ್ ಮತ್ತು ಡೆವಿಟ್ ಅವರಿಗೆ 1975ರಲ್ಲಿ ಪೇಟೆಂಟ್ ತಂದುಕೊಟ್ಟದ್ದು. ಅದರಲ್ಲಿ ಆಸಿಡ್ ದ್ರವವಾಗಿಯೇ ಇರುತ್ತದೆ, ಆದರೆ ಪ್ಲೇಟುಗಳ ನಡುವೆ ಒತ್ತಿಟ್ಟ ಸೂಕ್ಷ್ಮ ಗಾಜುನಾರಿನ ಚಾಪೆ ಅದನ್ನು ಹೀರಿಕೊಂಡಿರುತ್ತದೆ. ಇಂದು ಅಂಗಡಿಗಳಲ್ಲಿ ಎಜಿಎಂ ಎನ್ನುವುದು ಇದನ್ನೇ. ಎಂಎಕ್ಸ್-5ರದು ಈ ಎರಡನೆಯ ಕುಲ. ವ್ಯತ್ಯಾಸ ಬರೀ ಹೆಸರಿನದಲ್ಲ. ಜೆಲ್ಲಿಗೆ ಚಾರ್ಜಿಂಗ್ 14.1-14.2 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲಬೇಕು. ಗಾಜುನಾರಿನ ಬ್ಯಾಟರಿ 14.4ರಿಂದ 14.8ರವರೆಗೂ ಬೇಡುತ್ತದೆ. ಜೆಲ್ ಎಂದು ನಂಬಿ ಚಾರ್ಜರನ್ನು ಜೆಲ್ ಗುಂಡಿಗೆ ತಿರುಗಿಸಿದವರು ತಮ್ಮ ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿಟ್ಟು, ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಕಟ್ಟಿಸಿ, ಆಮೇಲೆ ತಯಾರಕನನ್ನು ಬಯ್ದರು. ಗ್ರಂಥಪಾಠದ ತಪ್ಪು ಇಷ್ಟು ದುಬಾರಿಯಾಗುವುದು ಅಪರೂಪ.

ಇನ್ನು ಸೀಲ್ಡ್ ಎಂಬ ಪದಕ್ಕೆ ಬರೋಣ. ಎಲ್ಲ ಗೊಂದಲದ ಬೇರು ಇದು. ಒಂದು ಅರ್ಥದಲ್ಲಿ ಸೀಲ್ಡ್ ಎಂದರೆ ಬಿರಡೆ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕುವ ಅಗತ್ಯವಿಲ್ಲದ್ದು. ಪ್ಲೇಟುಗಳ ಜಾಲರಿಯ ಸೀಸಕ್ಕೆ ಆಂಟಿಮನಿಯ ಬದಲು ಕ್ಯಾಲ್ಸಿಯಂ ಬೆರೆಸಿದರೆ ನೀರು ಒಡೆದು ಅನಿಲವಾಗುವುದು ಬಹಳ ಕಡಿಮೆಯಾಗುತ್ತದೆ. 1970ರ ದಶಕದಿಂದ ಮೇಂಟೆನೆನ್ಸ್ ಫ್ರೀ ಎಂಬ ಹೆಸರಿನಲ್ಲಿ ಪೇಟೆಗೆ ಬಂದ ಬ್ಯಾಟರಿಗಳ ಗುಟ್ಟು ಇಷ್ಟೇ. ಅವುಗಳ ಹೊಟ್ಟೆಯಲ್ಲಿ ಆಸಿಡ್ ಮೊದಲಿನಂತೆ ತುಳುಕುತ್ತಲೇ ಇರುತ್ತದೆ. ಇನ್ನೊಂದು ಅರ್ಥದಲ್ಲಿ ಸೀಲ್ಡ್ ಎಂದರೆ, ಪಾಸಿಟಿವ್ ಪ್ಲೇಟಿನಲ್ಲಿ ಹುಟ್ಟಿದ ಆಮ್ಲಜನಕ ಚಾಪೆಯ ಖಾಲಿ ಸಂದುಗಳ ಮೂಲಕ ನೆಗೆಟಿವ್ ಪ್ಲೇಟಿಗೆ ಹೋಗಿ ಅಲ್ಲೇ ಮರಳಿ ನೀರಾಗುವ ವ್ಯವಸ್ಥೆ. ಮೊದಲನೆಯದು ಮುಚ್ಚಳದ ಗುಣ, ಎರಡನೆಯದು ಒಳಗಿನ ರಸಾಯನದ ಗುಣ. (ನಮ್ಮ ಊರುಗಳ ಬ್ಯಾಟರಿ ಅಂಗಡಿಗಳಲ್ಲಿ ಎರಡನ್ನೂ ಡ್ರೈ ಬ್ಯಾಟರಿ ಎಂದೇ ಕರೆದು, ಇದರಲ್ಲಿ ಆಸಿಡ್ಡೇ ಇಲ್ಲ ಎಂದು ಭರವಸೆ ಕೊಡುವುದುಂಟು. ಪದ ಕೆಟ್ಟರೆ ತಿಳಿವಳಿಕೆ ಹೇಗೆ ಕೆಡುತ್ತದೆ ಎಂಬುದಕ್ಕೆ ಷಿಕಾಗೊವರೆಗೆ ಹೋಗಬೇಕಿಲ್ಲ.)

ಎರಡನೆಯ ಅರ್ಥದಲ್ಲೂ ಸೀಲ್ಡ್ ಎಂದರೆ ಸಂಪೂರ್ಣ ಬಂದ್ ಎಂದಲ್ಲ. ಆಮ್ಲಜನಕ ಮರಳುವ ವೇಗಕ್ಕೆ ಮಿತಿಯಿದೆ. ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ 15-16ಕ್ಕೆ ಏರಿದರೆ ಅನಿಲ ಆ ಮಿತಿಯನ್ನು ಮೀರುತ್ತದೆ, ವಾಲ್ವ್ ತೆರೆಯುತ್ತದೆ, ಹೈಡ್ರೋಜನ್ ಜತೆಗೆ ಆಸಿಡ್ಡಿನ ಮಂಜೂ ಹೊರಬರುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ನೂರಕ್ಕೆ 4 ಭಾಗವಾದರೆ ಸಾಕು, ಕಿಡಿ ತಗುಲಿದಾಗ ಹೊತ್ತಿಕೊಳ್ಳುತ್ತದೆ. ಬಾನೆಟ್ಟಿನ ಕೆಳಗೆ ಗಾಳಿ ಆಡುತ್ತದೆ, ಡಿಕ್ಕಿಯಲ್ಲಿ ಆಡುವುದಿಲ್ಲ. ಕೊಳವೆ ಹುಟ್ಟಿದ್ದು ಇಲ್ಲಿ. ಕೊಳವೆ ಇದೆಯೆಂದರೆ ಬ್ಯಾಟರಿ ಹಳೆಯ ಬಗೆಯದು ಎಂಬ ತರ್ಕ ನಿಲ್ಲುವುದಿಲ್ಲ. ಹಾಗೆಯೇ ಕೊಳವೆ ಇದೆಯೆಂದರೆ ಬ್ಯಾಟರಿ ಸೀಲ್ಡ್ ಎಂಬ ತಿರುಗು ತರ್ಕವೂ ನಿಲ್ಲುವುದಿಲ್ಲ. ಬಿಎಂಡಬ್ಲ್ಯು 3 ಸರಣಿಯ ಇ36 ಮಾದರಿಯ ಆರು ಸಿಲಿಂಡರಿನ ಕಾರುಗಳಲ್ಲಿ ಡಿಕ್ಕಿಯಲ್ಲಿ ದ್ರವ ತುಂಬಿದ ಬ್ಯಾಟರಿಯನ್ನೇ ಇಟ್ಟು ಅದಕ್ಕೂ ಕೊಳವೆ ಕೊಟ್ಟಿದ್ದರು. ಕೊಳವೆ ಬ್ಯಾಟರಿಯ ಜಾತಿಯನ್ನು ಹೇಳುವುದಿಲ್ಲ, ಅದು ಕೂತ ಜಾಗವನ್ನು ಹೇಳುತ್ತದೆ. ನನ್ನ ಪಕ್ಷಕ್ಕೆ ಹಿತವಲ್ಲದ ಈ ಸಂಗತಿಯನ್ನು ಮುಚ್ಚಿಡದೆ ಹೇಳುತ್ತಿರುವುದು, ಅದು ಕೊನೆಗೆ ನನ್ನ ಪಕ್ಷವನ್ನೇ ಗಟ್ಟಿಮಾಡುತ್ತದೆ ಎಂಬ ಕಾರಣಕ್ಕೆ.

ಏಕೆಂದರೆ ಪ್ರಚಲಿತ ಕಥನದ ಪ್ರಕಾರ ಸೋರಿಕೆಯ ಚರಿತ್ರೆ ಎಂದರೆ ತಂತ್ರಜ್ಞಾನದ ಏಣಿ: ಮೊದಲು ದ್ರವ, ಆಮೇಲೆ ಜೆಲ್, ಆಮೇಲೆ ಗಾಜುನಾರು; ಒಂದೊಂದು ಮೆಟ್ಟಿಲಿಗೂ ಸೋರಿಕೆ ಕಡಿಮೆ. ಕಾಲಾನುಕ್ರಮ ಇದನ್ನು ಒಪ್ಪುವುದಿಲ್ಲ. ಎಂಎಕ್ಸ್-5 ಬಂದು ಎಂಟು ವರ್ಷಗಳ ಮೇಲೆ, 1997ರ ಮಾದರಿಯಾಗಿ ಬಂದ ಷೆವ್ರೊಲೆ ಕಾರ್ವೆಟ್ಟಿನ ಐದನೆಯ ತಲೆಮಾರಿನಲ್ಲಿ ಇದ್ದದ್ದು ಪಕ್ಕದ ಗೋಡೆಯಲ್ಲಿ ಟರ್ಮಿನಲ್ ಇರುವ, ದ್ರವ ತುಂಬಿದ ಮೇಂಟೆನೆನ್ಸ್ ಫ್ರೀ ಬ್ಯಾಟರಿ. ಅದು ಸೋರುವ ದಾರಿ ಮೇಲಿನ ಬಿರಡೆಯದಲ್ಲ. ಪ್ಲಾಸ್ಟಿಕ್ ಗೋಡೆಯನ್ನು ತೂರಿ ಸೀಸ ಹೊರಬರುವ ಜಾಗದಲ್ಲಿ, ಬೋಲ್ಟನ್ನು ಅತಿಯಾಗಿ ಬಿಗಿದರೆ ಬಂಧ ಸಡಿಲವಾಗುತ್ತದೆ. ಮುಪ್ಪಿನಲ್ಲಿ ಪಾಸಿಟಿವ್ ಪ್ಲೇಟಿನ ಜಾಲರಿ ಸವೆದು ಹಿಗ್ಗಿದಾಗಲೂ ಬಂಧದ ಮೇಲೆ ಒತ್ತಡ ಬೀಳುತ್ತದೆ. ಆಸಿಡ್ ಅಲ್ಲಿಂದ ಜಿನುಗಿ ತಟ್ಟೆಗೆ, ತಟ್ಟೆಯಿಂದ ವ್ಯಾಕ್ಯೂಮ್ ಕೊಳವೆಗಳಿಗೆ, ವೈರಿನ ಕಟ್ಟುಗಳಿಗೆ, ಕೊನೆಗೆ ಕೆಳಗೇ ಕೂರಿಸಿದ್ದ ಎಂಜಿನ್ನಿನ ಕಂಪ್ಯೂಟರಿಗೆ ಇಳಿಯುತ್ತದೆ. ಬ್ಯಾಟರಿಯ ಗುಣ ಹೇಗೇ ಇರಲಿ, ಅದರ ಅಡಿಯಲ್ಲಿ ಮಿದುಳನ್ನಿಟ್ಟದ್ದು ಜಾಗದ ನಿರ್ಧಾರ. ಏಣಿಯ ಕಥನ ಇದನ್ನು ಅಪವಾದ ಎಂದು ಬದಿಗಿಡುತ್ತದೆ. ಒಂದು ಅಪವಾದವಾದರೆ ಇಡಬಹುದಿತ್ತು. 1969ರ ಮಾದರಿಯಲ್ಲಿ ಪೋರ್ಷೆ 911ರ ಗಾಲಿಗಳ ನಡುವಣ ಅಂತರವನ್ನು 57 ಮಿಲಿಮೀಟರ್ ಹೆಚ್ಚಿಸಿದಾಗ, ಮುಂಭಾಗಕ್ಕೆ ಭಾರ ಕೂಡಲೆಂದು ಒಂದು ಬ್ಯಾಟರಿಯ ಬದಲು ಎರಡು ಚಿಕ್ಕವನ್ನು ಎಡಬಲದ ಮೂಲೆಗಳಲ್ಲಿ ಇಟ್ಟರು. 1973ರ ಮಾದರಿಯವರೆಗೂ ಹಾಗೇ ನಡೆಯಿತು. ಆ ಕಾಲದ 911 ಕೊಳ್ಳುವವರು ತುಕ್ಕಿಗಾಗಿ ಮೊದಲು ತಡಕುವ ಜಾಗಗಳಲ್ಲಿ ಈ ಎರಡು ಪೆಟ್ಟಿಗೆಗಳೂ ಸೇರಿವೆ. ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿ ಸೀಟಿನ ಹಿಂದೆ ಆರಾರು ವೋಲ್ಟಿನ ಜೋಡಿ ಬ್ಯಾಟರಿ. ಕಾರ್ವೆಟ್ಟಿನ ಮೂರನೆಯ ತಲೆಮಾರಿನಲ್ಲೂ ಬ್ಯಾಟರಿ ಸೀಟಿನ ಹಿಂದೆಯೇ. ದಿನಬಳಕೆಯ ಕಾರಿನಲ್ಲಿ ಬ್ಯಾಟರಿ ಎಂಜಿನ್ನಿನ ಪಕ್ಕ, ಕಣ್ಣಿಗೆ ಬೀಳುವಲ್ಲಿ ಇರುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಭಾರ ಹಂಚುವವನು ಅದನ್ನು ಮೂಲೆಗೆ ತಳ್ಳುತ್ತಾನೆ, ಸೋರಿದ್ದು ತಿಂಗಳುಗಟ್ಟಲೆ ಯಾರಿಗೂ ಕಾಣುವುದಿಲ್ಲ.

ಕಾಣದಿದ್ದರೂ ಒಣಗಿಹೋಗುತ್ತದಲ್ಲ ಎಂಬುದು ಕೊನೆಯ ಆಕ್ಷೇಪ. ರಸಾಯನ ಓದದವರ ಆಕ್ಷೇಪ. ಪೂರ್ತಿ ಚಾರ್ಜಾದ ಬ್ಯಾಟರಿಯ ಆಸಿಡ್ಡಿನ ಸಾಂದ್ರತೆ 1.28ರ ಸುತ್ತ, ತೂಕದಲ್ಲಿ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಗಂಧಕಾಮ್ಲ. ಇದರಲ್ಲಿ ಆವಿಯಾಗುವುದು ನೀರು ಮಾತ್ರ. ಆಮ್ಲ ತಗಡಿನ ಮೇಲೆ ಉಳಿದು ಗಾಢವಾಗುತ್ತದೆ, ತೇವದ ದಿನ ಗಾಳಿಯಿಂದ ನೀರು ಹೀರಿ ಮತ್ತೆ ತೆಳುವಾಗುತ್ತದೆ. ವಿಚಿತ್ರವೆಂದರೆ ತೀರ ಗಾಢವಾದ ಗಂಧಕಾಮ್ಲವನ್ನು ಉಕ್ಕಿನ ಟ್ಯಾಂಕಿನಲ್ಲೇ ಸಾಗಿಸುತ್ತಾರೆ. ಉಕ್ಕನ್ನು ತಿನ್ನುವುದು ತೆಳುವಾದದ್ದು. ಹೀಗಾಗಿ ಬಟ್ಟೆಯಿಂದ ಒರೆಸಿ ಸುಮ್ಮನಾದ ಮೂಲೆ ಮಳೆಗಾಲದಲ್ಲಿ ಮತ್ತೆ ತಿನ್ನಿಸಿಕೊಳ್ಳುತ್ತದೆ. ಅಡುಗೆ ಸೋಡಾ ಕಲಸಿದ ನೀರನ್ನು ನೊರೆ ನಿಲ್ಲುವವರೆಗೆ ಹಾಕಿ, ತೊಳೆದು, ಒಣಗಿಸಿ, ಬಣ್ಣ ಬಳಿದ ಮೇಲೆಯೇ ಅದು ಸುಮ್ಮನಾಗುವುದು.

ಎಂಎಕ್ಸ್-5ರ ಡಿಕ್ಕಿಯ ತುಕ್ಕನ್ನು ತೋರಿಸಿ, ಗಾಜುನಾರಿನ ಬ್ಯಾಟರಿಯೂ ಸೋರಿತಲ್ಲ ಎಂದು ವಾದಿಸುವವರಿಗೆ ಇಷ್ಟು ಹೇಳಬೇಕು. ಮೂವತ್ತು ವರ್ಷ ದಾಟಿದ ಕಾರಿನ ಆ ಮೂಲೆಯಲ್ಲಿ ಒಂದೇ ಬ್ಯಾಟರಿ ಕೂತಿರಲು ಸಾಧ್ಯವಿಲ್ಲ. ಮೂಲದ್ದು ಸತ್ತ ಮೇಲೆ ಬೆಲೆ ನೋಡಿ ತಂದ ದ್ರವದ ಬ್ಯಾಟರಿ, ಕೊಳವೆ ಸಿಕ್ಕಿಸಲು ಮೂಗೇ ಇಲ್ಲದ ಬ್ಯಾಟರಿ, ಉದ್ದ ಕಡಿಮೆಯಾಗಿ ಪಟ್ಟಿಯ ಬಿಗಿಗೆ ಸಿಗದೆ ತಿರುವಿನಲ್ಲಿ ಜಾರುವ ಬ್ಯಾಟರಿ, ಹೀಗೆ ಒಂದರ ಮೇಲೊಂದು ಬರೆದು ಅಳಿಸಿದ ಓಲೆಯಂತೆ ಆ ಮೂಲೆ. ತುಕ್ಕನ್ನು ಯಾವ ಪದರಕ್ಕೆ ಸೇರಿಸಬೇಕು ಎಂದು ತೀರ್ಮಾನಿಸುವ ಮೊದಲು ಕೊಳವೆಯ ತುದಿ ಹಿಡಿದು ನೋಡಬೇಕು: ಅದು ಬ್ಯಾಟರಿಯ ಮೂಗಿಗೆ ಸಿಕ್ಕಿದೆಯೇ, ಇಲ್ಲ ಕಾರ್ಪೆಟ್ಟಿನ ಕೆಳಗೆ ಸುಮ್ಮನೆ ಬಿದ್ದಿದೆಯೇ?