ದುಬಾರಿ ಸರ್ವರ್ ಕೊಂಡರೆ ‘ಸರ್ವರ್ ಡೌನ್’ ಆಗುವುದೇ ಇಲ್ಲವೇ?

ರೇಷನ್ ಅಂಗಡಿಯಿಂದ ನೋಂದಣಿ ಕಚೇರಿಯವರೆಗೆ ನಾವೆಲ್ಲ ಕೇಳಿರುವ ಮಾತು: ‘ಸರ್ವರ್ ಡೌನ್’. ಕೇಳಿದ ಕೂಡಲೇ ನಾವು ಹೇಳುವುದೂ ಒಂದೇ: ಅಗ್ಗದ್ದು ಹಾಕಿಸಿದ್ದಾರೆ, ಒಳ್ಳೇ ಕಂಪನಿಯದ್ದಾಗಿದ್ದರೆ ಹೀಗಾಗುತ್ತಿರಲಿಲ್ಲ. ಮಾರತ್ತಹಳ್ಳಿ, ವೈಟ್‌ಫೀಲ್ಡ್ ಕಡೆ ಲ್ಯಾಬ್, ಗೋದಾಮು, ಸಣ್ಣ ಕಂಪನಿ ನಡೆಸುವವರಿಗೂ ಇದೇ ಸಲಹೆ ಸಿಗುತ್ತದೆ: ‘ದುಡ್ಡು ಹೆಚ್ಚಾದರೂ ದೊಡ್ಡ ಬ್ರ್ಯಾಂಡ್ ಹಾಕಿಸಿ, ಆಮೇಲೆ ಚಿಂತೆಯೇ ಇಲ್ಲ.’

ಇದು ಅರ್ಧ ನಿಜ. ಒಳ್ಳೆಯ ಸರ್ವರ್ ಕಡಿಮೆ ಕೆಡುತ್ತದೆ. ಆದರೆ ಕೆಡದ ಸರ್ವರ್ ಯಾವ ಕಂಪನಿಯಲ್ಲೂ ಇಲ್ಲ.

ಹೆಚ್ಚಿನ ಬೆಲೆಗೆ ಸಿಗುವುದೇನು?

ಮೊದಲನೆಯದು ಇಸಿಸಿ ಮೆಮೊರಿ. ಮೆಮೊರಿಯಲ್ಲಿ ಯಾವುದಾದರೂ ಒಂದು ಬಿಟ್ ತಾನಾಗಿಯೇ 0ಯಿಂದ 1ಕ್ಕೆ ತಿರುಗಿದರೆ ಅದನ್ನು ಗುರುತಿಸಿ ಸರಿಪಡಿಸುವುದು ಇದರ ಕೆಲಸ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೀಕ್‌ನಲ್ಲಿ ನಡೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಇದ್ದಕ್ಕಿದ್ದಂತೆ 4,096 ಮತಗಳು ಹೆಚ್ಚಿಗೆ ಬಂದಿದ್ದವು. ಬರಲು ಸಾಧ್ಯವೇ ಇಲ್ಲದಷ್ಟು ಮತ ಬಂದಿದ್ದರಿಂದ ತಪ್ಪು ಸಿಕ್ಕಿಬಿತ್ತು. 4,096 ಎಂದರೆ 2ನ್ನು 12 ಸಲ ಗುಣಿಸಿದಾಗ ಬರುವ ಸಂಖ್ಯೆ. ಹಾಗಾಗಿ ಒಂದೇ ಒಂದು ಬಿಟ್ ತಿರುಗಿರಬೇಕು ಎಂಬ ತೀರ್ಮಾನಕ್ಕೆ ತಜ್ಞರು ಬಂದರು. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಹೀಗಾದರೆ ಯಾರ ಕಣ್ಣಿಗೂ ಬೀಳದೆ ಹೋಗಬಹುದು.

ಎರಡನೆಯದು ಜೋಡಿ ಪವರ್ ಸಪ್ಲೈ. ಒಂದು ಸುಟ್ಟರೆ ಇನ್ನೊಂದು ನಡೆಸುತ್ತದೆ. ಆದರೆ ಎರಡನ್ನೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿದರೆ, ಆ ಯುಪಿಎಸ್ ಕೈಕೊಟ್ಟ ದಿನ ಎರಡೂ ಒಟ್ಟಿಗೇ ಆರುತ್ತವೆ. ಮೂರನೆಯದು, ಸರ್ವರ್ ನಿಲ್ಲಿಸದೆಯೇ ಕೆಟ್ಟ ಡಿಸ್ಕನ್ನು ತೆಗೆದು ಹೊಸದನ್ನು ಹಾಕುವ ಅನುಕೂಲ.

‘10 ಲಕ್ಷ ಗಂಟೆ’ ಎಂದರೆ 114 ವರ್ಷವೇ?

ಡಿಸ್ಕುಗಳ ವಿವರಪಟ್ಟಿಯಲ್ಲಿ ‘ಎಂಟಿಬಿಎಫ್ 10 ಲಕ್ಷ ಗಂಟೆ’ ಎಂದು ಬರೆದಿರುತ್ತದೆ. ಲೆಕ್ಕ ಹಾಕಿದರೆ 114 ವರ್ಷ. ಆದರೆ ಆ ಡಿಸ್ಕ್ ಮೊಮ್ಮಕ್ಕಳ ಕಾಲದವರೆಗೆ ಬಾಳುತ್ತದೆ ಎಂದು ಅದರ ಅರ್ಥವಲ್ಲ. ಇದು ಗುಂಪಿನ ಲೆಕ್ಕ. ಅಂಥ 1,000 ಡಿಸ್ಕುಗಳು ವರ್ಷವಿಡೀ ಓಡಿದರೆ ಸುಮಾರು 9 ಕೆಡಬಹುದು ಎಂದಷ್ಟೇ ಅರ್ಥ. ಆ ಒಂಬತ್ತರಲ್ಲಿ ನಿಮ್ಮದು ಇರುವುದಿಲ್ಲ ಎಂದು ಯಾರೂ ಹೇಳಲಾರರು.

‘ರೇಡ್ ಇದೆ, ಬ್ಯಾಕಪ್ ಯಾಕೆ?’

ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ರೇಡ್ ಎಂದರೆ ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ಹಲವು ಡಿಸ್ಕುಗಳನ್ನು ಜೋಡಿಸುವ ವಿಧಾನ. ಆದರೆ ಯಾರೋ ತಪ್ಪಿ ಫೈಲ್ ಅಳಿಸಿದರೆ ಅದು ಎಲ್ಲ ಡಿಸ್ಕುಗಳಿಂದಲೂ ಅಳಿಸಿಹೋಗುತ್ತದೆ. ರ‍್ಯಾನ್ಸಮ್‌ವೇರ್ ಬೀಗ ಹಾಕಿದರೂ ಅಷ್ಟೇ, ಬೆಂಕಿ ಬಿದ್ದರೂ ಅಷ್ಟೇ.

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿರುವ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಬ್ಯಾಟರಿಗಳಿಗೆ ಬೆಂಕಿ ಹೊತ್ತಿಕೊಂಡಿತು. 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರು ಕಡತ ಇಟ್ಟುಕೊಳ್ಳುತ್ತಿದ್ದ ವ್ಯವಸ್ಥೆಯ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಗಾತ್ರ ಬಹಳ ದೊಡ್ಡದೆಂದು ಅದರ ಪ್ರತಿಯನ್ನು ಹೊರಗೆ ಇಟ್ಟಿರಲಿಲ್ಲ.

ಜಾಗವೂ ಮುಖ್ಯ

ಇನ್ನು ನಮ್ಮೂರಿಗೆ ಬರೋಣ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಮಾರತ್ತಹಳ್ಳಿ, ಬೆಳ್ಳಂದೂರು ಭಾಗದ ಹೊರವರ್ತುಲ ರಸ್ತೆ ಕೆರೆಯಂತಾಗಿತ್ತು. ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಅದೇ ದಿನಗಳಲ್ಲಿ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪಿಂಗ್ ಕೇಂದ್ರಕ್ಕೆ ನೀರು ನುಗ್ಗಿ, ಊರೆಲ್ಲ ನೀರಿದ್ದರೂ ಬೆಂಗಳೂರಿನ ಹಲವು ಬಡಾವಣೆಗಳ ನಲ್ಲಿಯಲ್ಲಿ ಕಾವೇರಿ ನೀರು ಬರಲಿಲ್ಲ. ಪಂಪಿನ ಗುಣಮಟ್ಟ ಹೇಗೇ ಇರಲಿ, ನೆರೆ ಬಂದಾಗ ಅದು ಲೆಕ್ಕಕ್ಕೆ ಬರುವುದಿಲ್ಲ. ಬೇಸ್‌ಮೆಂಟಿನಲ್ಲಿ ಇಟ್ಟ ಸರ್ವರ್, ಯುಪಿಎಸ್, ಜನರೇಟರ್‌ಗಳ ಕಥೆಯೂ ಇದೇ.

ಯಂತ್ರ ಸರಿಯಿದ್ದರೂ ಡೌನ್!

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್‌ಗೆ ಉದ್ದ ಸಾಲು. ಆ ಯಂತ್ರಗಳ ಹಾರ್ಡ್‌ವೇರ್‌ನಲ್ಲಿ ಯಾವ ದೋಷವೂ ಇರಲಿಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶ ತತ್ತರಿಸಿದಾಗಲೂ ಹೊರಬಿದ್ದ ಕಾರಣ ಸೈಬರ್ ದಾಳಿ: ನಕಲಿ ಖಾತೆಗಳಿಂದ ಬಂದ ಕೋರಿಕೆಗಳ ಮಹಾಪೂರ.

99.9% ಎಂದರೆ ಎಷ್ಟು?

ಸೇವೆಯ ಭರವಸೆಯನ್ನು ಶೇಕಡಾವಾರಿನಲ್ಲಿ ಕೊಡುತ್ತಾರೆ. ಅದನ್ನು ಸಮಯಕ್ಕೆ ಬದಲಾಯಿಸಿ ನೋಡಿ. ವರ್ಷಕ್ಕೆ 99% ಎಂದರೆ ಸುಮಾರು ಮೂರೂವರೆ ದಿನ ಬಂದ್. 99.9% ಎಂದರೆ ಸುಮಾರು 8 ಗಂಟೆ 45 ನಿಮಿಷ. 99.99% ಎಂದರೆ ಸುಮಾರು 53 ನಿಮಿಷ. ಒಂದೊಂದು 9 ಸೇರಿದಂತೆಲ್ಲ ಖರ್ಚೂ ಏರುತ್ತದೆ. ದಿನಸಿ ಗೋದಾಮಿಗೆ ಮೂರು ಗಂಟೆ ನಿಂತರೆ ನಡೆದೀತು. ಆಸ್ಪತ್ರೆಯ ತುರ್ತು ವಿಭಾಗಕ್ಕೆ ನಡೆಯದು.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ನಮ್ಮ ಕೆಲಸ ಎಷ್ಟು ಹೊತ್ತು ನಿಂತರೆ ತಡೆದುಕೊಳ್ಳಬಹುದು? ಎಷ್ಟು ಹೊತ್ತಿನ ಮಾಹಿತಿ ಹೋದರೆ ತಡೆದುಕೊಳ್ಳಬಹುದು?
2. ಇಸಿಸಿ ಮೆಮೊರಿ, ಜೋಡಿ ಪವರ್ ಸಪ್ಲೈ ಇವೆಯೇ? ಎರಡಕ್ಕೂ ಬೇರೆ ಬೇರೆ ಕಡೆಯಿಂದ ವಿದ್ಯುತ್ ಬರುತ್ತದೆಯೇ?
3. ಕೆಟ್ಟರೆ ಬಿಡಿಭಾಗ ಎಷ್ಟು ಗಂಟೆಯಲ್ಲಿ ಬರುತ್ತದೆ? ಭಾನುವಾರವೂ ಬರುತ್ತದೆಯೇ? ಬರವಣಿಗೆಯಲ್ಲಿ ಕೊಡುತ್ತೀರಾ?
4. ಈ ಸರ್ವರ್ ಪೂರ್ತಿ ಹೋದರೆ ಕೆಲಸ ಮುಂದುವರಿಸಲು ಇನ್ನೊಂದು ಎಲ್ಲಿದೆ?
5. ಮಾಹಿತಿಯ ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದಾದರೂ ಬೇರೆ ಜಾಗದಲ್ಲಿ ಇದೆಯೇ?
6. ಬ್ಯಾಕಪ್‌ನಿಂದ ಮಾಹಿತಿಯನ್ನು ವಾಪಸ್ ತೆಗೆದು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ?

ಆರನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮೊದಲ ಐದಕ್ಕೆ ಮಾಡಿದ ಖರ್ಚನ್ನು ನಂಬಿ ಕೂರುವಂತಿಲ್ಲ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.

ಹಾಗಾಗಿ ‘ಯಾವ ಕಂಪನಿಯ ಸರ್ವರ್ ಕೆಡುವುದಿಲ್ಲ?’ ಎಂದು ಯಾರಾದರೂ ಕೇಳಿದರೆ, ಬ್ರ್ಯಾಂಡ್ ಹೆಸರಿನ ಬದಲು ಈ ಆರು ಪ್ರಶ್ನೆಗಳನ್ನೇ ಫಾರ್ವರ್ಡ್ ಮಾಡಿ.