ಕಾಫಿಯ ಹೆಸರುಗಳೂ ಅವುಗಳ ಊರುಗಳೂ

ಪ್ರವಾಸದಲ್ಲಿರುವ ಕನ್ನಡಿಗನು ಇಂದು ಮುಂಬಯಿಯಲ್ಲಾಗಲಿ, ದೆಹಲಿಯಲ್ಲಾಗಲಿ, ಕಡಲಾಚೆಯ ನಗರವೊಂದರಲ್ಲಾಗಲಿ ‘ಸ್ಪೆಷಾಲಿಟಿ’ ಎಂದು ಕರೆದುಕೊಳ್ಳುವ ಕಾಫಿಯ ಅಂಗಡಿಯನ್ನು ಹೊಕ್ಕರೆ, ಬೆಲೆಪಟ್ಟಿಯಲ್ಲಿ ಪೇಯದ ಹೆಸರಿನೊಡನೆ ಬೀಜ ಬೆಳೆದ ಬೆಟ್ಟದ ಹೆಸರನ್ನೂ, ಎಷ್ಟೋ ಸಲ ತೋಟದ ಹೆಸರನ್ನೂ ಕಾಣುತ್ತಾನೆ. ಚಿಕ್ಕಮಗಳೂರು, ಕೊಡಗು, ಬಾಬಾಬುಡನ್‌ಗಿರಿ ಎಂಬ ಹೆಸರುಗಳನ್ನು ಪರಸ್ಥಳದಲ್ಲಿ ಕಂಡಾಗ ಮನಸ್ಸು ಹಿಗ್ಗುವುದು ಸಹಜವೇ. ಆದರೆ ಊರಿನ ಹೆಸರು ಕಾಫಿಯ ಬಟ್ಟಲಿನವರೆಗೆ ಬಂದ ದಾರಿ ನೇರವಾದುದಲ್ಲ. ಆ ದಾರಿಯನ್ನು ಗುರುತಿಸುವುದೇ ಈ ಕಿರುಲೇಖನದ ಉದ್ದೇಶ.

ಕಾಫಿಯ ವ್ಯಾಪಾರದಲ್ಲಿ ಮೊದಲು ಪ್ರಸಿದ್ಧಿಗೆ ಬಂದುದು ಬೆಳೆದ ನೆಲದ ಹೆಸರಲ್ಲ, ಹಡಗಿಗೆ ಏರಿಸಿದ ರೇವಿನ ಹೆಸರು. 17ನೆಯ ಶತಮಾನದಲ್ಲಿ ‘ಮೋಕಾ’ ಎಂದು ಹೆಸರಾದ ಕಾಫಿ ಯೆಮನ್ ದೇಶದ ಒಳನಾಡಿನ ಬೆಟ್ಟಗಳಲ್ಲಿ ಬೆಳೆದುದು. ಮೋಕಾ ಎಂಬುದೋ ಕೆಂಪು ಸಮುದ್ರದ ದಡದ ಬಂದರು. ಸೂಫಿ ಸಂತ ಬಾಬಾಬುಡನರು ಮಕ್ಕಾ ಯಾತ್ರೆಯಿಂದ ಮರಳುವಾಗ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಮ್ಮಲ್ಲಿ ಸುಪ್ರಸಿದ್ಧವಾಗಿದೆ. ಏಳೆಂಬ ಎಣಿಕೆಯನ್ನು ಇತಿಹಾಸವೆಂದು ಹಿಡಿಯಬೇಕಾಗಿಲ್ಲ. ಕಾಫಿ ಅರಬ್ಬೀ ನೆಲದಿಂದ ಬಂದಿತೆಂಬ ನೆನಪನ್ನು ಬೆಟ್ಟವೊಂದರ ಹೆಸರು ಉಳಿಸಿಕೊಂಡಿದೆ ಎಂಬುದೇ ಇಲ್ಲಿ ಗಮನಾರ್ಹವಾದುದು.

ಇನ್ನೊಂದು ನಿದರ್ಶನ ‘ಮಾನ್ಸೂನ್ಡ್ ಮಲಬಾರ್’. ಹಾಯಿಹಡಗುಗಳ ಕಾಲದಲ್ಲಿ ನಮ್ಮ ಕಾಫಿ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಯೂರೋಪನ್ನು ಸೇರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಡಲ ತೇವದಲ್ಲಿ ಬೀಜ ಉಬ್ಬಿ, ಹಸುರು ಕಳೆದು, ನಸುಹಳದಿಗೆ ತಿರುಗಿ, ಹುಳಿ ಇಳಿದು, ಬೇರೊಂದು ರುಚಿ ಪಡೆಯುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಹೊಗೆಹಡಗುಗಳು ಪಯಣವನ್ನು ಮೊಟಕುಗೊಳಿಸಿದ ಮೇಲೆ ಆ ರುಚಿ ಇಲ್ಲವಾಯಿತು. ಕೊಳ್ಳುವವರು ಅದನ್ನೇ ಬಯಸಿದರು. ಆಗ ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಹರವಿ ಮುಂಗಾರಿನ ಗಾಳಿಗೆ ಒಡ್ಡುವ ಪದ್ಧತಿ ಬೆಳೆಯಿತು. ಈ ಕೆಲಸಕ್ಕೆ ಮಂಗಳೂರು ಮುಖ್ಯ ಕೇಂದ್ರವಾದರೂ ಹೆಸರು ಮಲಬಾರಿಗೆ ಸಂದಿದೆ.

ತೋಟದ ಹೆಸರು ಮರೆಯಾದುದಕ್ಕೆ ಬೇರೊಂದು ಕಾರಣವುಂಟು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆಗಳು ಮುಚ್ಚಿದಾಗ ಬೆಳೆಗಾರರನ್ನು ಉಳಿಸಲೆಂದು 1942ರ ಕಾಫಿ ಶಾಸನ ಬಂದಿತು. ಅದರಂತೆ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಲಿಯ ‘ಪೂಲ್’ಗೆ ಒಪ್ಪಿಸಬೇಕಾಯಿತು. ಅಲ್ಲಿ ಬೀಜಕ್ಕೆ ದರ್ಜೆ ಇತ್ತು, ಹರಾಜು ಇತ್ತು. ತೋಟದ ಗುರುತು ಮಾತ್ರ ರಾಶಿಯಲ್ಲಿ ಕರಗಿಹೋಗುತ್ತಿತ್ತು. ಬೆಲೆಯ ಆಸರೆ ದೊರೆತುದೂ ನಿಜ. ಉತ್ತಮವಾಗಿ ಬೆಳೆದವನ ಹೆಸರು ಅಡಗಿದುದೂ ನಿಜ. 1992ರಿಂದ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಬೆಳೆಗಾರನಿಗೆ ಪೂರ್ಣ ಸ್ವಾತಂತ್ರ್ಯ ದೊರೆಯಿತು.

ಇಷ್ಟರಲ್ಲಿ ಅಮೆರಿಕದಲ್ಲಿ ರುಚಿಯ ಹೊಸ ಪಂಥವೊಂದು ಹುಟ್ಟಿತ್ತು. 1966ರಲ್ಲಿ ಆಲ್ಫ್ರೆಡ್ ಪೀಟ್ ಬರ್ಕ್ಲಿಯಲ್ಲಿ ಅಂಗಡಿ ತೆರೆದನು. 1974ರಲ್ಲಿ ಎರ್ನಾ ನಟ್ಸನ್ ಎಂಬಾಕೆ, ಆಯಾ ನೆಲದ ಹವೆಗೆ ತಕ್ಕಂತೆ ವಿಶಿಷ್ಟ ರುಚಿ ಪಡೆಯುವ ಬೀಜಗಳಿಗೆ ‘ಸ್ಪೆಷಾಲಿಟಿ’ ಎಂಬ ಮಾತನ್ನು ಬಳಸಿದಳು. ನಮ್ಮ ಪೂಲ್ ಪದ್ಧತಿ ಮುಗಿದ ಮೇಲೆಯೇ ಕನ್ನಡನಾಡಿನ ತೋಟಗಳು ಈ ಪೇಟೆಯನ್ನು ತಮ್ಮ ಹೆಸರಿನಲ್ಲಿ ಮುಕ್ತವಾಗಿ ಪ್ರವೇಶಿಸಲು ಸಾಧ್ಯವಾಯಿತು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು.

ಆದರೂ ಹೆಸರನ್ನು ಎಚ್ಚರದಿಂದ ಓದಬೇಕು. ‘ಮೈಸೂರ್ ನಗೆಟ್ಸ್’ ಎಂಬ ಉತ್ತಮ ದರ್ಜೆಯಲ್ಲಿ ಚಿಕ್ಕಮಗಳೂರು, ಕೊಡಗುಗಳ ಬೀಜವಷ್ಟೇ ಅಲ್ಲದೆ ತಮಿಳುನಾಡಿನ ಶೇವರಾಯ್ ಬೆಟ್ಟಗಳ ಬೀಜವೂ ಸಲ್ಲುತ್ತದೆ. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದರೂ ವ್ಯಾಪಾರಿಯ ಚೀಲ ಹಳೆಯ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಬಂದರು, ಪ್ರಾಂತ, ಬೆಟ್ಟ, ತೋಟ ಎಂದು ಹೆಸರು ಮೆಟ್ಟಿಲು ಮೆಟ್ಟಿಲಾಗಿ ನೆಲಕ್ಕೆ ಸಮೀಪವಾಗುತ್ತ ಬಂದಿದೆ. ಆದರೆ ತೋಟದ ಬಾಗಿಲಲ್ಲಿಯೇ ಅದು ನಿಲ್ಲುತ್ತದೆ. ತುಳುನಾಡಿನಿಂದಲೂ ತಮಿಳುನಾಡಿನಿಂದಲೂ ಘಟ್ಟವನ್ನೇರಿ ಬಂದು, ಮಳೆ ಚಳಿಗಳಲ್ಲಿ ಹಣ್ಣು ಕೊಯ್ದ ಕೂಲಿಕಾರರ ತಲೆಮಾರುಗಳು ಯಾವ ಬೆಲೆಪಟ್ಟಿಯಲ್ಲಿಯೂ ಕಾಣವು. ಹೊಟ್ಟೆಪಾಡಿಗೆ ಊರು ಬಿಟ್ಟವರ ವಂಶಕ್ಕೆ ಸೇರಿದ ನಾವು, ಪರಸ್ಥಳದ ಬಟ್ಟಲಿನಲ್ಲಿ ನಮ್ಮೂರ ಹೆಸರನ್ನು ಕಂಡು ಹಿಗ್ಗುವಾಗ, ಊರು ಬಿಟ್ಟು ಬಂದು ಆ ಹೆಸರನ್ನು ದುಡಿದು ಕೊಟ್ಟ ಇವರನ್ನೂ ನೆನೆಯುವುದು ನ್ಯಾಯ. ಕಾಫಿಯ ಇತಿಹಾಸವನ್ನು ಬರೆಯುವವರು ಇನ್ನು ಮುಂದೆ ಹುಡುಕಬೇಕಾದುದು ಆ ಹೆಸರುಗಳನ್ನು.